ಅರಮನೆಯ ಹೊಸ್ತಿಲಿನ ರಂಗೋಲಿ

ಬಹಳ ಬಹಳ ಹಿಂದೆ, ಬೆಟ್ಟಗಳ ಆಚೆ ಕಣಜಾವತಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಯಾರೂ ಏನನ್ನೂ ತರುವುದಕ್ಕೆ ಹೊರಗೆ ಹೋಗುತ್ತಿರಲಿಲ್ಲ. ಬೇಕಾದದ್ದರ ಗುರುತನ್ನು ಹೊಸ್ತಿಲ ಮುಂದೆ ರಂಗೋಲಿಯಲ್ಲಿ ಬರೆದರೆ ಆಯಿತು, ಬೆಟ್ಟದ ಮೇಲಿನ ಮಾಯದ ಕಣಜ ಬೆಳಗಾಗುತ್ತಲೇ ಅದನ್ನು ಒಳಗೆ ತಂದಿಡುತ್ತಿತ್ತು. ನೀರು ಯಾವ ಬಾವಿಯದು, ಬೆಂಕಿ ಯಾವ ಒಲೆಯದು ಅಂತ ಯಾರೂ ಕೇಳುತ್ತಿರಲಿಲ್ಲ. ಗುರುತಿಗೆ ಹೊಂದದೆ ಇದ್ದದ್ದನ್ನು ಹೊಸ್ತಿಲು ಒಳಗೆ ಬಿಡುತ್ತಲೂ ಇರಲಿಲ್ಲ. ಸಂಜೆಗೆ ಉಳಿದದ್ದೆಲ್ಲ ಕಣಜಕ್ಕೆ ವಾಪಸು.

ರಾಜನೂ ಹಾಗೆಯೇ ಬರುತ್ತಿದ್ದ. ಅರಮನೆಯ ರಂಗೋಲಿಯಲ್ಲಿ ಕಂಬ, ದೀಪ ಎಲ್ಲ ಇದ್ದವು. ರಾಜನಿಗೆ ಅಂತ ಒಂದು ಕಿರೀಟ, ಒಂದು ಸಿಂಹಾಸನ, ಅಪ್ಪಣೆ ಕೊಡುವ ಒಂದು ನಾಲಗೆ.

ಮುದಿ ರಾಜ ತೀರಿಕೊಂಡ. ಹೊಸ ರಾಜನನ್ನು ನೋಡಲು ಊರೆಲ್ಲ ಸೇರಿತು. ಬಂದವನು ಯಾರು? ಮಾಟಗಾರ ಕರಿಜಡೆ! ಕಿರೀಟ ಹಾಕಿಕೊಂಡು ಕಣಜದಲ್ಲಿ ಅಡಗಿ ಕೂತಿದ್ದನಂತೆ. ಜನ ಬಾಯಿಯ ಮೇಲೆ ಕೈಯಿಟ್ಟರು.

"ಬಿಡಬೇಡ ಹೊಸ್ತಿಲೇ!" ಅಂತ ಮಂತ್ರಿ ಚೆನ್ನರಸ ಕೂಗಿದ. ಹೊಸ್ತಿಲು ಅವನನ್ನು ತಡೆಯಲಿಲ್ಲ. ಗುರುತೆಲ್ಲ ಹೊಂದಿತ್ತಲ್ಲ!

"ದಿನಕ್ಕೊಬ್ಬರ ದನಿ ನನಗೆ ತಿಂಡಿ," ಅಂದ ಕರಿಜಡೆ. ಕಹಳೆಯವನ ಗಂಟಲಿನಿಂದ ದನಿಯನ್ನು ಕಿತ್ತು ನುಂಗಿಯೇಬಿಟ್ಟ. ಪಾಪ, ಅವನ ಬಾಯಿ ತೆರೆಯಿತು, ಸದ್ದಿಲ್ಲ. "ಮೂರನೆಯ ಬೆಳಗಿಗೆ ದ್ಯಾಮಕ್ಕನದು!"

ದ್ಯಾಮಕ್ಕ ಅಂದರೆ ಅರಮನೆಗೆ ರಂಗೋಲಿ ಬಿಡುವ ಮುದ್ದವ್ವನ ಅಕ್ಕ. ನಿದ್ದೆಯಲ್ಲೂ ಮಾತು ನಿಲ್ಲಿಸದವಳು.

ಆ ದಿನವೇ ಸೈನಿಕರು ಕರಿಜಡೆಯನ್ನು ಹೊತ್ತು ಹೊಳೆಗೆ ಎಸೆದರು. ಬೆಳಗಾದರೆ, ಅಯ್ಯೋ ದೇವರೇ, ನೀರು ತೊಟ್ಟಿಕ್ಕಿಸುತ್ತ ಸಿಂಹಾಸನದ ಮೇಲೆ ಕೂತಿದ್ದಾನೆ! ಕಣಜ ಮತ್ತೆ ಅವನನ್ನೇ ತಂದಿತ್ತು.

ಮಂತ್ರಿ ರೇಗಿ, ಕೊಡ ನೀರು ಸುರಿದು ರಂಗೋಲಿಯನ್ನೇ ತೊಳೆದುಬಿಟ್ಟ. ಕರಿಜಡೆ ಮಾಯ. ಕಂಬವೂ ಮಾಯ! ದೀಪ ಹೋಯಿತು, ಸೂರು ವಾಲಿತು.

"ಬರಿಯೇ ತಾಯಿ, ಬೇಗ ಬರಿ!" ಅಂದ ಮಂತ್ರಿ. ಮುದ್ದವ್ವ ಹಿಂದಿನಂತೆಯೇ ಬರೆದಳು. ಕಂಬ ಬಂತು, ದೀಪ ಬಂತು. ಕರಿಜಡೆಯೂ ಬಂದ, ನಗುತ್ತ; ಆ ದಿನದ ತಿಂಡಿಗೆ ಇನ್ನೊಬ್ಬನ ದನಿಯನ್ನೂ ನುಂಗಿದ.

"ಲೇ ಮುದ್ದಿ," ಅಂದಳು ದ್ಯಾಮಕ್ಕ, "ನಾಳೆಯಿಂದ ನಿನ್ನ ಬೈಯೋರು ಯಾರೇ?"

ಮುದ್ದವ್ವ ರಂಗೋಲಿಯನ್ನು ಮತ್ತೊಮ್ಮೆ ನೋಡಿದಳು. "ಅಕ್ಕಾ! ಕಣಜದ್ದೇನು ತಪ್ಪು? ಕಿರೀಟ, ಸಿಂಹಾಸನ, ನಾಲಗೆ, ನಾವು ಕೇಳಿದ್ದೇ ಅಷ್ಟು!"

ಮೂರನೆಯ ಬೆಳಗು. ಮುದ್ದವ್ವ ಕಿರೀಟವನ್ನು ಅಳಿಸಿದಳು. ಅದರ ಜಾಗದಲ್ಲಿ ಒಂದು ಕಾಲು ಬರೆದು, ನಿಜವಾದ ಜಾಲಿಮುಳ್ಳನ್ನೇ ಇಟ್ಟು, ಪಕ್ಕದಲ್ಲಿ ಒದ್ದೆ ಕಣ್ಣು ಬರೆದಳು. ಬೇರೆಯವರ ನೋವಿಗೆ ಅಳುವವರು ಬೇಕು ಅಂತ.

ಕಣಜ ಕರಿಜಡೆಯನ್ನು ತರಲಿಲ್ಲ. ಬೆಟ್ಟದಿಂದ ಅವನೇ ಓಡಿ ಬಂದ. ಹೊಸ್ತಿಲು ಒದ್ದಿತು. ಎದ್ದವನೇ ಕಣ್ಣಿಗೆ ಮೆಣಸಿನಪುಡಿ ಉಜ್ಜಿಕೊಂಡ. "ನೋಡಿ, ಅಳ್ತಿದ್ದೀನಿ!" ಅವನ ಒಂದು ಕಾಲು ಒಳಗೆ ಹೋಗಿಯೇಬಿಟ್ಟಿತು!

ಗಾಬರಿಯಲ್ಲಿ ಹಿಂದೆ ಸರಿದ ಕಹಳೆಯವನು ಜಾಲಿಮುಳ್ಳನ್ನು ತುಳಿದ. ಬಾಯಿ ತೆರೆದ, ಸದ್ದಿಲ್ಲ. ಕರಿಜಡೆ ಹೊಟ್ಟೆ ಹಿಡಿದುಕೊಂಡು ನಕ್ಕ.

ದ್ಯಾಮಕ್ಕ ಮಾತ್ರ ಗೊಳೋ ಎಂದಳು. "ಅಯ್ಯೋ, ಅಮ್ಮಾ ಅನ್ನೋಕೂ ದನಿಯಿಲ್ವಲ್ಲೋ ಇವನಿಗೆ!"

ಅಷ್ಟೇ. ಹೊಸ್ತಿಲು ಒದ್ದ ಏಟಿಗೆ ಕರಿಜಡೆ ತೊಗಲಚೀಲದ ಹಾಗೆ ಒಡೆದುಹೋದ. ನುಂಗಿದ ದನಿಗಳೆಲ್ಲ ಹಾರಿ ತಮ್ಮ ತಮ್ಮ ಗಂಟಲು ಸೇರಿದವು. "ಅಮ್ಮಾ!" ಅಂದ ಕಹಳೆಯವನು.

ಅದೇ ಹೊತ್ತಿಗೆ ಕಣಜದ ಕಾಣದ ಕೈ ದ್ಯಾಮಕ್ಕನನ್ನು ಎತ್ತಿ ಸಿಂಹಾಸನದ ಮೇಲೆ ಕೂರಿಸಿಬಿಟ್ಟಿತು! ಮಂತ್ರಿಯ ಪೇಟ ಜಾರಿ ಬಿತ್ತು.

"ಲೇ ಮುದ್ದಿ, ಇಳಿಸೇ ನನ್ನ! ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ!"

"ನಾನೇನು ಮಾಡಲಕ್ಕಾ, ನೀನು ಹೊಂದಿಬಿಟ್ಟೆ!"

"ಹಾಳಾಗಿ ಹೋಗಲಿ. ಎಲ್ಲರೂ ಬಾಯಿ ಬಿಟ್ಟುಕೊಂಡು ನಿಂತಿದ್ದೀರಲ್ಲ, ಮೊದಲು ಅವನ ಕಾಲಿನ ಮುಳ್ಳು ತೆಗೀರೋ!"

ಅದೇ ಅವಳ ಮೊದಲ ಅಪ್ಪಣೆ. ಹಾಲು ಉಕ್ಕಿ ಹೋಯಿತು, ಹೋಗಲಿ. ಕಣಜಾವತಿಯ ಜನ ನೂರು ಕಾಲ ನಗುನಗುತ್ತ ಬಾಳಿದರು, ಅವರ ದನಿ ಬೆಟ್ಟದಾಚೆಗೂ ಕೇಳುತ್ತಿತ್ತು.