ಪೆಡಲ್ ಸರಿಮಾಡಿದ ಐದು ಶನಿವಾರ

ಮದುಮಕ್ಕಳು ಹಾಲ್‌ನ ಬಾಗಿಲಿಗೆ ಬಂದು ನಿಂತಿದ್ದರು. ಆರುನೂರು ಜನ ಎದ್ದು ಅತ್ತ ತಿರುಗಿದ್ದರು. ವೇದಿಕೆಯ ಮೇಲೆ ನಿರೀಕ್ಷಾ ಗಿಟಾರ್ ಸರಿಪಡಿಸಿಕೊಂಡು, ಕಾಲ ಬಳಿಯಿದ್ದ ಹೊಸ ಪೆಡಲ್‌ನ ನಾಲ್ಕನೇ ಸ್ವಿಚ್ ಒತ್ತಿದಳು.

ತಿಳಿಯಾಗಿ, ಮೆಲ್ಲಗೆ ಬರಬೇಕಿದ್ದ ಸ್ವರ...

ಬಂದದ್ದು ಕಿವಿ ಸೀಳುವ ಗರ್ಜನೆ.

ಎರಡೇ ಕ್ಷಣ. ಆಮೇಲೆ ಗಿಟಾರ್ ಸತ್ತೇ ಹೋಯಿತು. ತಂತಿ ಮೀಟಿದರೆ ಸದ್ದಿಲ್ಲ. ಹಾಲ್‌ನ ಆ ತುದಿಯಲ್ಲಿ, ಸೌಂಡ್ ಮಿಕ್ಸರ್ ಹಿಂದೆ ನಿಂತಿದ್ದ ಗಡ್ಡದ ಯುವಕನೊಬ್ಬ ಅವಳನ್ನೇ ನೋಡುತ್ತಿದ್ದ. ಅವನ ಬೆರಳು ಇನ್ನೂ ಒಂದು ಗುಂಡಿಯ ಮೇಲೆಯೇ ಇತ್ತು.

ಆ ಹಾಡು ಕೀಬೋರ್ಡ್ ಒಂದರಿಂದಲೇ ಮುಗಿಯಿತು. ನಿರೀಕ್ಷಾ ಸದ್ದಿಲ್ಲದ ಗಿಟಾರ್ ನುಡಿಸುತ್ತ, ನಗುವಂತೆ ನಟಿಸುತ್ತ ನಿಂತಿದ್ದಳು. ಕೊಟ್ಟಾರದ ವಿಮಾ ಆಫೀಸಿನಲ್ಲಿ ಇಡೀ ವಾರ ಕಡತ ನೋಡುವ ಅವಳಿಗೆ ಎಲ್ರೊಯ್ ನಡೆಸುವ, ಮದುವೆಗಳಲ್ಲಿ ನುಡಿಸುವ ಬ್ಯಾಂಡೇ ಉಸಿರು. ಗಂಡಸರೇ ತುಂಬಿರುವ ಆ ಬ್ಯಾಂಡಿನಲ್ಲಿ ತನ್ನ ಜಾಗ ಗಳಿಸಲು ಮೂರು ವರ್ಷ ಹಿಡಿದಿತ್ತು. ಅದನ್ನು ಈತ ಒಂದು ಬೆರಳಿನಿಂದ ಅಳಿಸಿಬಿಟ್ಟನಲ್ಲ...

ಊಟದ ಬಿಡುವಿನಲ್ಲಿ ಅವಳು ನೇರ ಅವನ ಬಳಿ ಹೋದಳು.

"ನನ್ನನ್ನು ಮ್ಯೂಟ್ ಮಾಡಿದ್ದು ನೀವಾ?"

ಅವನು ಮುಖ ಒಂದು ಕಡೆಗೆ ಓರೆ ಮಾಡಿ ಅವಳನ್ನು ನೋಡಿದ. "ಹೌದು. ಸ್ಪೀಕರಿನ ಎದುರೇ ಒಂದು ಮಗು ಮಲಗಿತ್ತು. ಕಿವಿ ಹೋದರೆ ಮತ್ತೆ ಬರುವುದಿಲ್ಲ."

ಎಂಥ ಜಂಬ, ಮುಖ ನೇರ ಇಟ್ಟು ಮಾತಾಡಲಿಕ್ಕೂ ಆಗುವುದಿಲ್ಲ ಎಂದುಕೊಂಡಳು ನಿರೀಕ್ಷಾ. ಆದರೂ ಸ್ಪೀಕರಿನತ್ತ ತಿರುಗಿ ಆ ಮಗುವನ್ನು ಹುಡುಕಿದಳು.

ಅವನ ಹೆಸರು ಮುಕುಂದ. ಎಲ್ರೊಯ್ ಆ ತಿಂಗಳಷ್ಟೇ ಸೌಂಡ್ ನೋಡಿಕೊಳ್ಳಲು ಕರೆತಂದಿದ್ದ. ಅವನು ಅವಳ ಅನುಮತಿ ಕೇಳಿ ವೇದಿಕೆ ಹತ್ತಿ, ಪೆಡಲ್ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ. ಅಂದು ಮಧ್ಯಾಹ್ನವಷ್ಟೇ ಕೂಳೂರಿನ ಸೈಮನ್ ಎಂಬವರಿಂದ ಅವಳು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡು ತಂದಿದ್ದಳು. ಕೇಬಲ್ ಚುಚ್ಚಿದಾಗ ದೀಪ ಹತ್ತಿತು, ಅಷ್ಟಕ್ಕೇ ನಂಬಿದ್ದಳು.

ಗಿಟಾರಿನ ಬಣ್ಣಬಣ್ಣದ ಧ್ವನಿಗಳೆಲ್ಲ ಇರುವುದು ಪ್ರೊಸೆಸರ್ ಎಂಬ ಪೆಟ್ಟಿಗೆಯಲ್ಲಿ, ಕಾಲಡಿಯ ಪೆಡಲ್ ಅದಕ್ಕೆ ಅಪ್ಪಣೆ ಕೊಡುತ್ತದೆ ಅಷ್ಟೆ ಎಂದು ಅವನು ವಿವರಿಸಿದ. ನಡುವಿನ ಮಿಡಿ ಕೇಬಲಿನಲ್ಲಿ ಹಾಡು ಹೋಗುವುದಿಲ್ಲ, ಬರೀ ಅಂಕಿ ಹೋಗುತ್ತದೆ.

"ನಿಮ್ಮ ಪೆಡಲ್ ಒಂದರಿಂದ ಎಣಿಸ್ತದೆ. ಪ್ರೊಸೆಸರ್ ಸೊನ್ನೆಯಿಂದ ಎಣಿಸಿ, ಆ ಸೊನ್ನೆಯನ್ನೇ ನಮಗೆ ಒಂದು ಅಂತ ತೋರಿಸ್ತದೆ. ನೀವು ನಾಲ್ಕು ಅಂದ್ರಿ, ಅದು ಐದನೆಯದ್ದನ್ನು ತೆಗೆದು ಕೊಟ್ಟಿತು. ಇಬ್ಬರದ್ದೂ ತಪ್ಪಿಲ್ಲ."

ಸಿಟ್ಟು ಇಳಿಯಬಾರದೆಂದು ಅವಳು ಎಷ್ಟು ಹಟ ಹಿಡಿದರೂ ಅದು ಇಳಿಯಿತು. ಪೂರ್ತಿ ಸರಿಮಾಡಲು ಸ್ವಲ್ಪ ಸಮಯ ಬೇಕು, ಶನಿವಾರ ಬೋಳಾರದ ಮನೆಗೆ ತನ್ನಿ ಎಂದ ಅವನು.

ಮುಕುಂದನ ಮನೆ ಮಂಗಳಾದೇವಿ ದೇವಸ್ಥಾನದಿಂದ ಐದು ನಿಮಿಷದ ನಡಿಗೆ. ತಂದೆ ಇರುವಷ್ಟು ಕಾಲ ಪೂಜೆ ಮಾಡುತ್ತಿದ್ದವರು. ತಾಯಿ ನೀರಜಾಕ್ಷಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮನೆಯ ಹಿಂದಿನ ಕೋಣೆಯ ತುಂಬ ಬಿಚ್ಚಿಟ್ಟ ಆಂಪ್ಲಿಫೈಯರುಗಳು, ವೈರುಗಳು, ಬೆಸುಗೆಯ ವಾಸನೆ.

ಮೊದಲ ಶನಿವಾರ ಅವನು ಪೆಡಲ್ ಮತ್ತು ಪ್ರೊಸೆಸರ್ ಎರಡನ್ನೂ ಒಂದೇ ಚಾನೆಲ್ಲಿಗೆ ತಂದ, ಅಂಕಿಯ ತಕರಾರು ತೀರಿಸಿದ. ಎರಡನೆಯ ವಾರ ಯಾವ ಹಾಡಿಗೆ ಯಾವ ಸ್ವಿಚ್ ಎಂದು ಇಬ್ಬರೂ ಕೂತು ಬರೆದರು. ಮೂರನೆಯ ವಾರ ಕಾಲಿನಿಂದ ವಾಲ್ಯೂಮ್ ಏರಿಸಿ ಇಳಿಸುವ ಪೆಡಲ್. ಅದನ್ನು ಒತ್ತುವಾಗ ಅವಳ ದೇಹ ಒಂದು ಬದಿಗೆ ವಾಲುವುದನ್ನು ಗಮನಿಸಿ, ಆ ಪೆಡಲ್ ಎಡಕ್ಕಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಿದ. ಅವಳು ಹೇಗೆ ನಿಲ್ಲುತ್ತಾಳೆಂದು ಇಷ್ಟು ವರ್ಷದಲ್ಲಿ ಯಾರೂ ನೋಡಿರಲಿಲ್ಲ.

ನೀರಜಾಕ್ಷಿಯಮ್ಮ ಪ್ರತಿ ಸಲ ತಿಂಡಿ ತಂದಿಟ್ಟು, ಅರ್ಧ ಗಂಟೆ ಕೂತು ಹರಟಿ ಹೋಗುತ್ತಿದ್ದರು. ಶುಕ್ರವಾರ ಬಂತೆಂದರೆ ಆಫೀಸಿನಲ್ಲಿ ನಿರೀಕ್ಷಾಳ ಮನಸ್ಸು ನಿಲ್ಲುತ್ತಿರಲಿಲ್ಲ.

ಇದಕ್ಕೆ ಎಂತ ಹೆಸರು... ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದಳು.

ಐದನೆಯ ಶನಿವಾರ ಮಧ್ಯಾಹ್ನ. ಫ್ಯಾನ್ ಗರಗರ ಸದ್ದು ಮಾಡುತ್ತಿತ್ತು. ಮುಕುಂದ ನೆಲದ ಮೇಲೆ ಕುಳಿತು, ಎಡಗಿವಿಯನ್ನು ಸ್ಪೀಕರಿನ ಸಮೀಪ ತಂದು ಯಾವುದೋ ಗುಂಡಿ ತಿರುಗಿಸುತ್ತಿದ್ದ. ಅವನ ಬಲಕ್ಕೆ, ಪುಟ್ಟ ಸ್ಟೂಲಿನ ಮೇಲೆ ನಿರೀಕ್ಷಾ.

ಇವತ್ತು ಹೇಳದಿದ್ದರೆ ಇನ್ನು ಹೇಳುವುದಕ್ಕೆ ನೆಪವೇ ಇಲ್ಲ. ಪೆಡಲಿನ ಕೆಲಸ ಮುಗಿಯುತ್ತಾ ಬಂತು.

"ಮುಕುಂದ... ಕೆಲಸ ಮುಗಿದ ಮೇಲೆಯೂ ನನಗೆ ಇಲ್ಲಿಗೆ ಬರಬೇಕು. ನನಗೆ ನೀವು ಇಷ್ಟ."

ಅವನು ಗುಂಡಿಯನ್ನು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದ.

"ಈಗ ನಾಲ್ಕು ಒತ್ತಿ ನೋಡಿ," ಎಂದ.

ಅವಳು ಒತ್ತಿದಳು. ಅಂದು ಹಾಲ್‌ನಲ್ಲಿ ಬಾರದ ಸ್ವರ ಇಂದು ಎಷ್ಟು ತಿಳಿಯಾಗಿ ಬಂತೆಂದರೆ, ಅವಳ ಕಣ್ಣು ತುಂಬಿತು. ಅವನು ತಿರುಗಿ ಅವಳ ಮುಖ ನೋಡಿದ. ಅವನ ನಗು ಅರ್ಧಕ್ಕೇ ನಿಂತಿತು. ಮುಖ ಪಕ್ಕಕ್ಕೆ ತಿರುಗಿಸಿ ವೈರೊಂದನ್ನು ಸುತ್ತತೊಡಗಿದ.

ಉತ್ತರ ಸಿಕ್ಕಿತು ಎಂದುಕೊಂಡಳು ನಿರೀಕ್ಷಾ. ಅವಮಾನ ಮಾಡದೆ ಬೇಡವೆನ್ನುವ ರೀತಿ ಇದು. ತುರ್ತು ಕೆಲಸ ಉಂಟು ಎಂದು ಗಿಟಾರ್, ಪೆಡಲ್ ಚೀಲಕ್ಕೆ ತುಂಬಿಕೊಂಡು ಹೊರಟುಬಿಟ್ಟಳು.

ಮುಂದಿನ ಎರಡು ಶನಿವಾರ ಅವಳು ಹೋಗಲಿಲ್ಲ. ಪೆಡಲ್ ಸರಿ ಉಂಟಾ ಎಂದು ಒಮ್ಮೆ ಅವನ ಮೆಸೇಜ್ ಬಂತು. ಉಂಟು ಎಂದಷ್ಟೇ ಬರೆದಳು. ಬ್ಯಾಂಡಿನ ಎರಡು ಕಾರ್ಯಕ್ರಮಗಳಿಗೆ ಬೇರೊಬ್ಬ ಸೌಂಡಿನವನು ಬಂದ. ಮುಕುಂದ ಇನ್ನು ಬರುವುದಿಲ್ಲವಂತೆ, ಕಾರಣ ಹೇಳುವುದಿಲ್ಲ ಎಂದು ಎಲ್ರೊಯ್ ಗೊಣಗಿದ. ನನ್ನ ಮುಖ ನೋಡುವುದೂ ಬೇಡವಾಯಿತೇ ಎಂದು ಅವಳ ಎದೆ ಭಾರವಾಯಿತು. ಪೆಡಲ್ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಪ್ರತಿ ಹಾಡಿನಲ್ಲೂ ಅವನ ಕೈಕೆಲಸ ಕೇಳಿಸುತ್ತಿತ್ತು. ಅದೇ ಹೆಚ್ಚು ನೋವು.

ಒಂದು ಗುರುವಾರ ಆಫೀಸಿಗೆ ನೀರಜಾಕ್ಷಿಯಮ್ಮ ಬಂದರು. ಅವಳು ಅವರ ಮನೆಯಲ್ಲಿ ಮರೆತು ಬಂದಿದ್ದ ಕೇಬಲೊಂದನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತರು.

"ನಿನಗೆ ಗೊತ್ತಾಗಿಯೇ ಬರುವುದು ಬಿಟ್ಟೆ ಅಂತ ಅವನು ಹೇಳ್ತಾನೆ. ಹಾಗೆ ಉಂಟಾ?"

"ಎಂತ ಗೊತ್ತಾದದ್ದು, ಟೀಚರ್?"

ಅವರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. ಎರಡು ವರ್ಷದ ಹಿಂದೆ ಮುಕುಂದನಿಗೆ ಒಂದು ಕೆಟ್ಟ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಹೋದ ಬಲಗಿವಿ ಮತ್ತೆ ಬರಲಿಲ್ಲ. ಒಂದೇ ಕಿವಿಯವನಿಗೆ ಸೌಂಡಿನ ಕೆಲಸ ಯಾರು ಕೊಡುತ್ತಾರೆಂದು ಯಾರಿಗೂ ಹೇಳಿಲ್ಲ.

"ಅವತ್ತು ನೀನು ಎಂತದೋ ಹೇಳಿದ್ದಿರಬೇಕು, ಅವನಿಗೆ ಕೇಳಲಿಲ್ಲ. ತಿರುಗಿ ನೋಡುವಾಗ ನಿನ್ನ ಕಣ್ಣಲ್ಲಿ ನೀರು. ವಿಷಯ ತಿಳಿದು ನಿನಗೆ ಬೇಸರ ಆಯ್ತು ಅಂತ ಅವನ ಎಣಿಕೆ. ನೀನು ಎಲ್ರೊಯ್‌ಗೆ ಹೇಳುವ ಮೊದಲು ತಾನೇ ಕೆಲಸ ಬಿಟ್ಟ."

ನಿರೀಕ್ಷಾ ಮೇಜಿನ ಮೇಲಿದ್ದ ಕೇಬಲನ್ನು ಕೈಗೆ ತೆಗೆದುಕೊಂಡಳು. ಮೊದಲ ದಿನದ ಆ ಓರೆ ಮುಖ... ಅದು ಜಂಬವಲ್ಲ. ಅವಳ ಮಾತು ಕೇಳಬೇಕೆಂದೇ ಎಡಗಿವಿ ತಿರುಗಿಸಿ ನಿಂತವನು ಅವನು.

ಆ ಶನಿವಾರ ಅವಳು ಗಿಟಾರ್ ಇಲ್ಲದೆ ಬೋಳಾರಕ್ಕೆ ಹೋದಳು. ಮುಕುಂದ ಎದ್ದು ನಿಂತ. ಅವಳು ಸ್ಟೂಲನ್ನು ಎತ್ತಿ ಅವನ ಎಡಕ್ಕಿಟ್ಟು ಕುಳಿತಳು. ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿಯಿತು.

"ಅಮ್ಮ ಹೇಳಿದರಾ?"

"ಹೇಳಿದರು. ಮೊನ್ನೆಯವರೆಗೆ ನನಗೆ ಎಂತದೂ ಗೊತ್ತಿರಲಿಲ್ಲ. ಅವತ್ತು ಅತ್ತದ್ದು ಬೇರೆ ವಿಷಯಕ್ಕೆ."

ಅವನು ತಲೆ ತಗ್ಗಿಸಿ ಕುಳಿತ. ಪ್ರತಿ ಹಾಲ್‌ನಲ್ಲೂ ಮೂಲೆ ಮೂಲೆಗೆ ನಡೆದು, ತಲೆ ತಿರುಗಿಸಿ ತಿರುಗಿಸಿ ಕೇಳಿಯೇ ತಾನು ಸೌಂಡ್ ಹೊಂದಿಸುವುದೆಂದ. ಎಂದಾದರೂ ಒಂದು ದಿನ ತಪ್ಪಿದರೆ ಎಂಬ ಹೆದರಿಕೆ ಅವನನ್ನು ಬಿಟ್ಟದ್ದೇ ಇಲ್ಲ. ಹೆದರಿಕೆಯನ್ನು ಒಬ್ಬನೇ ಹೊತ್ತುಕೊಂಡು ಎಷ್ಟು ದಿನ ನಡೆಯುತ್ತೀರಿ ಎಂದು ಕೇಳಿದಳು ಅವಳು. ಅವನು ಫೋನ್ ತೆಗೆದು ಎಲ್ರೊಯ್‌ಗೆ ಎಲ್ಲವನ್ನೂ ಹೇಳಿದ.

ಸ್ಪೀಕರ್ ಫೋನಿನಲ್ಲಿ ಎಲ್ರೊಯ್ ಹೇಳಿದ: "ಎರಡು ಕಿವಿ ಇದ್ದವನ ಸೌಂಡ್ ಎರಡು ವಾರ ಕೇಳಿದೆ ಮಾರಾಯ. ನೀನೇ ಬಾ."

ಮುಕುಂದ ಫೋನ್ ಕೆಳಗಿಟ್ಟು ದೀರ್ಘವಾಗಿ ಉಸಿರು ಬಿಟ್ಟ. ಆಮೇಲೆ, ಅವಳನ್ನು ನೋಡದೆಯೇ, ಇನ್ನೂ ಒಂದು ಸುಳ್ಳು ಹೇಳಿದ್ದೇನೆ ಎಂದ.

"ನಿಮ್ಮ ಪೆಡಲ್... ಅದು ಎರಡು ಗಂಟೆಯ ಕೆಲಸ. ಮೊದಲನೇ ಶನಿವಾರವೇ ಮುಗಿದಿತ್ತು."

ನಿರೀಕ್ಷಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ.

"ಮತ್ತೆ ಉಳಿದ ನಾಲ್ಕು ವಾರ?"

"ನನಗೆ ನೀವು ಬರಬೇಕಿತ್ತಲ್ಲ..." ಅವನು ಈಗ ಅವಳತ್ತ ತಿರುಗಿದ. "ನನಗೆ ಶನಿವಾರ ಮಾತ್ರ ಸಾಕಾಗುವುದಿಲ್ಲ, ನಿರೀಕ್ಷಾ. ವಾರದ ಎಲ್ಲ ದಿನ ಬೇಕು."

ಅವಳು ಅವನ ಕೈ ಹಿಡಿದುಕೊಂಡಳು. ಬೆಸುಗೆಯ ಸಣ್ಣ ಸಣ್ಣ ಸುಟ್ಟ ಗಾಯಗಳಿದ್ದ ಒರಟು ಬೆರಳುಗಳು.

"ನಾಳೆ ಟೀಚರನ್ನು ಕರೆದುಕೊಂಡು ನಮ್ಮ ಮನೆಗೆ ಬಾ," ಎಂದಳು. ಮೊದಲ ಸಲ ಏಕವಚನ. "ಅಪ್ಪ ತುಂಬ ಮೆಲ್ಲಗೆ ಮಾತಾಡುವವರು. ಅವರನ್ನು ನಿನ್ನ ಎಡಗಡೆ ಕೂರಿಸ್ತೇನೆ."

"ಮತ್ತೆ ನೀನು?"

"ನಾನು ಬಲಗಡೆ," ಎಂದಳು ನಿರೀಕ್ಷಾ. "ಆ ಕಡೆ ಕೇಳಿಸಿಕೊಳ್ಳಲಿಕ್ಕೆ ಒಬ್ಬರು ಬೇಕಲ್ಲ."