ಮಳೆಗೆ ಬಿಟ್ಟ ಇಪ್ಪತ್ತು ಗಿಡ

ರಶ್ಮಿತಾಗೆ ಜೋಡಿ ಇರಲಿಲ್ಲ.

ಬಿಎಸ್ಸಿ ಕೊನೆಯ ವರ್ಷದ ತರಗತಿಯಲ್ಲಿ ಇಪ್ಪತ್ತೇಳು ಜನ. ಸಂಶೋಧನಾ ಪ್ರಾಜೆಕ್ಟಿಗೆ ಇಬ್ಬಿಬ್ಬರ ತಂಡ ಮಾಡಿದಾಗ ಉಳಿದವಳು ಅವಳು. ಹಾಸನದ ಹಾಸ್ಟೆಲಿನಲ್ಲೂ ಅವಳ ಕೋಣೆಯ ಇನ್ನೊಂದು ಮಂಚ ಖಾಲಿ. ಅವಳಿಗೆ ಅಭ್ಯಾಸವಾಗಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ, ಯಸಳೂರಿನ ಹತ್ತಿರದ ಎಸ್ಟೇಟಿನಲ್ಲಿ, ಹೂ ಬಿಟ್ಟ ಕಾಫಿ ಗಿಡದ ಮುಂದೆ ಕೂತಿದ್ದಳು. ಹಿಂದಿನಿಂದ ಗಡಸು ದನಿ ಬಂತು.

"ಯಾರ್ರೀ ಅದು? ಗಿಡದ ಮುಂದೆ ಕೂತ್ಕೊಂಡು ಏನು ಜಪ ಮಾಡ್ತಿದೀರ?"

"ಹೂವಿಗೆ ಬರೋ ಜೇನು ಎಣಿಸ್ತಿದೀನಿ."

"ಎಷ್ಟಾಯ್ತು?"

ಅವಳು ಸುಟ್ಟುಬಿಡುವಂತೆ ನೋಡಿದಳು. "ನಲವತ್ತೋ, ನಲವತ್ತೊಂದೋ... ನೀವು ಮಾತಾಡಿಸಿದ್ರಲ್ಲ, ತಪ್ಪೋಯ್ತು! ಮತ್ತೆ ಮೊದಲಿಂದ!"

ಅವನು ಎಸ್ಟೇಟಿನ ರೈಟರ್ ಯೋಗಾನಂದ. ಆಳುಗಳ ಹಾಜರಿ ಬರೆಯುವವನು, ಕೆಲಸ ಹಂಚುವವನು. ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಗಡಿಯಾರ ನಾನು ನೋಡ್ತೀನಿ. ನೀವು ಜೇನು ನೋಡಿ."

ಗಿಡಕ್ಕೆ ಹದಿನೈದು ನಿಮಿಷ. ಹೂವಿದ್ದ ಮೂರು ದಿನವೂ ಅವನು ಬಂದ.

ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದ ಅವಳ ಸೋದರತ್ತೆ ಲಿಂಗಮ್ಮ ಸುಮ್ಮನಿರುವ ಪೈಕಿ ಅಲ್ಲ. "ಏನ್ ರೈಟರೆ, ನಾವು ಐದು ನಿಮಿಷ ಕೂತ್ರೆ ಬಯ್ತೀರ. ನಮ್ಮ ಹುಡುಗಿ ಪಕ್ಕ ಕೂತ್ರೆ ಅದು ಕೆಲಸವಾ?"

ಅವನ ಕಿವಿ ಕೆಂಪಾಯಿತು. ರಶ್ಮಿತಾ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು.

ಕಾಫಿ ಮೊಗ್ಗು ನೀರು ಬಿದ್ದ ಮೇಲೇ ಅರಳುವುದು. ಅವಳು ಎಣಿಸಿದ, ಇಳಿಜಾರಿನ ಕೆಳಗಿನ ಇಪ್ಪತ್ತು ಗಿಡ ಎಸ್ಟೇಟಿನ ಸ್ಪ್ರಿಂಕ್ಲರ್ ನೀರಿಗೆ ಅರಳಿದ್ದವು. ಮೇಲಿನ ಇಪ್ಪತ್ತಕ್ಕೆ ಕೆಂಪು ಪಟ್ಟಿ ಕಟ್ಟಿ ಅವಳು ಮಳೆಗೆ ಬಿಟ್ಟಿದ್ದಳು. ಎರಡಕ್ಕೂ ಜೇನು ಒಂದೇ ಸಮ ಬರುತ್ತದೆಯೇ? ಅದೇ ಅವಳ ಪ್ರಶ್ನೆ. ಮಾರ್ಚ್ ಇಪ್ಪತ್ತರೊಳಗೆ ವರದಿ ಕಳಿಸಿದರೆ ಪುಣೆಯ ಸಂಸ್ಥೆಯಲ್ಲಿ ಎಂಎಸ್ಸಿಗೆ ಸೀಟು ಸಿಗಬಹುದು. ಅಲ್ಲಿ ಎಲ್ಲರೂ ಇಂಥದ್ದನ್ನೇ ಎಣಿಸುವವರು. ಅಲ್ಲಾದರೂ ಮಾತಾಡಲು ಯಾರಾದರೂ ಇದ್ದಾರು...

"ಮಳೆ ಬರ್ದಿದ್ರೆ?" ಯೋಗಾನಂದ ಕೇಳಿದ್ದ.

"ಬರಲೇಬೇಕು. ಇಲ್ಲಾಂದ್ರೆ ನಾನು ಕೆಟ್ಟೆ."

ಅವನು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡ. ತಪ್ಪಾದದ್ದು ಅಲ್ಲೇ.

ಮಾರ್ಚ್ ಮೊದಲ ವಾರ ಅವಳಿಗೆ ಕಾಲೇಜಿನಲ್ಲಿ ಪರೀಕ್ಷೆ. ಹತ್ತು ದಿನ ಬಿಟ್ಟು ಬಂದು ನೋಡಿದರೆ ಮೇಲಿನ ಇಪ್ಪತ್ತೂ ಬೆಳ್ಳಗೆ ಅರಳಿ ನಿಂತಿದ್ದವು!

"ಅತ್ತೆ, ಮಳೆ ಬಂತಾ?"

"ಮಳೆ ಎಲ್ಲಿಂದ ಬಂದಾತು! ನಮ್ಮ ರೈಟರೇ ಇಲ್ಲಿಗಂಟ ಪೈಪು ಎಳೆಸಿ ನೀರು ಹುಯ್ಸಿದ್ರು ಕಣವ್ವ. ನಿನಗೋಸ್ಕರ."

ರಶ್ಮಿತಾ ಗಿಡದ ಬುಡದಲ್ಲಿ ಕೂತುಬಿಟ್ಟಳು. ಜೇನು ಬರುತ್ತಿದ್ದವು. ಎಣಿಸಲು ಏನೂ ಉಳಿದಿರಲಿಲ್ಲ.

ಯೋಗಾನಂದ ನಗುತ್ತಲೇ ಬಂದ. ಅವಳ ಮುಖ ನೋಡಿ ನಗು ನಿಂತಿತು.

"ಇವು ಮಳೆಗೇ ಅರಳಬೇಕಿತ್ತು! ನೀವು ಎಲ್ಲಾ ಹಾಳು ಮಾಡಿದ್ರಿ!"

"ಮೊಗ್ಗು ಒಣಗ್ತಾ ಇತ್ತು ಕಣ್ರೀ. ಪೈಪು ಕೈಯಲ್ಲಿ ಇಟ್ಕೊಂಡು ಅದನ್ನ ಹೆಂಗೆ ನೋಡ್ಕೊಂಡಿರದು? ನೀವೂ ಕೆಟ್ಟೆ ಅಂದ್ರಿ..." ಅವನು ತಡವರಿಸಿದ. "ಮಳೆ ಬಂತು ಅಂತ ಬರ್ಕೊಂಬುಡಿ. ಪುಣೆಲಿ ಕೂತಿರೋರಿಗೆ ಏನು ಗೊತ್ತಾಗ್ತದೆ?"

"ನನಗೆ ಗೊತ್ತಲ್ಲ!"

ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ನಡೆದಳು. 'ಇವನೂ ಅಷ್ಟೇ... ನಾನು ಏನು ಮಾಡ್ತಿದೀನಿ ಅಂತ ಇವನಿಗೂ ಅರ್ಥ ಆಗಿರಲಿಲ್ಲ.' ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇತ್ತು.

ವರದಿಯಲ್ಲಿ ಆದದ್ದನ್ನೇ ಬರೆದಳು. ಪುಣೆಯವರು ಫೋನಿನಲ್ಲಿ ಹೆಚ್ಚು ಕೇಳಲಿಲ್ಲ. ಅರ್ಧ ಕೆಲಸಕ್ಕೆ ಸೀಟು ಕೊಡಲಾಗದು ಎಂದರು. ಏಪ್ರಿಲ್ ಪೂರ್ತಿ ಅವಳು ಲೈಬ್ರರಿಯ ಕಿಟಕಿ ಪಕ್ಕ ಕಳೆದಳು. ಮುಂದೇನು ಎಂದು ಯಾರೂ ಕೇಳಲಿಲ್ಲ. ಯೋಗಾನಂದನ ಕರೆ ಬಂದಾಗಲೆಲ್ಲ ಫೋನನ್ನು ಬೋರಲು ಹಾಕುತ್ತಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ ಹಾಸ್ಟೆಲ್ ಕಾವಲಿನ ಇಂದ್ರಮ್ಮ ಕೆಳಗಿನಿಂದ ಕೂಗಿದಳು. "ರಶ್ಮಿತಾ! ನಿನ್ನ ನೋಡಕ್ಕೆ ಯಾರೋ ಬಂದವ್ರೆ!"

ಮೂರು ವರ್ಷದಲ್ಲಿ ಮೊದಲ ಸಲ.

ಗೇಟಿನ ಬಳಿ ಯೋಗಾನಂದ ನಿಂತಿದ್ದ. ಕೈಯಲ್ಲಿ ಎಸ್ಟೇಟಿನ ಹಾಜರಿ ಪುಸ್ತಕ.

"ಹಳ್ಳದ ಆಚೆ ನಮ್ಮ ಪೈಪು ಮುಟ್ಟದ ಮೂಲೆ ಐತೆ. ಮಾರ್ಚ್ ಇಪ್ಪತ್ನಾಲ್ಕಕ್ಕೆ ಮಳೆ ಬಂತು, ಏಪ್ರಿಲ್ ಒಂದನೇ ತಾರೀಕು ಅರಳ್ತು. ಇಪ್ಪತ್ತು ಗಿಡ, ಮೂರು ದಿನ. ನಿಮ್ಮಂಗೇ ಎಣಿಸಿದೀನಿ."

ಅವಳು ಪುಟ ತಿರುವಿದಳು. ಆಳುಗಳ ಹೆಸರಿರಬೇಕಾದಲ್ಲಿ ಗಿಡದ ಸಂಖ್ಯೆ. ಹಾಜರಿ ಹಾಕಬೇಕಾದಲ್ಲಿ ಜೇನು. ಏಪ್ರಿಲ್ ಮೂರರ ಹನ್ನೊಂದನೇ ಗಿಡದ ಮುಂದೆ ಮಾತ್ರ ಏನೂ ಇರಲಿಲ್ಲ.

"ಇದ್ಯಾಕೆ ಖಾಲಿ?"

ಅವನು ಚಪ್ಪಲಿ ನೋಡಿಕೊಂಡ. "ನಿಮ್ಮ ನೆನಪಾಯ್ತು. ಲೆಕ್ಕ ತಪ್ಪೋಯ್ತು. ಸುಳ್ಳು ಬರಿಯಕ್ಕೆ ಮನಸ್ಸು ಬರ್ಲಿಲ್ಲ."

ಅವಳು ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು.

"ನಿಮ್ಮನ್ನ ಕಂಡ್ರೆ ಇಷ್ಟ. ಅದಕ್ಕೇ ನೀರು ಹುಯ್ಸಿದ್ದು. ನಿಮ್ಮನ್ನ ಕೇಳಿ ಹುಯ್ಸಬೇಕಿತ್ತು."

"ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ಸಿಕ್ಕಿದ್ರೆ ಹೋಗೇ ಹೋಗ್ತೀನಿ."

"ಹೋಗಿ ಮಾರಾಯ್ತಿ! ಬ್ಯಾಡ ಅನ್ನಕ್ಕೆ ಎರಡು ಬಸ್ಸು ಹತ್ತಿ ಬಂದಿಲ್ಲ ನಾನು."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಪುಸ್ತಕವನ್ನು ಎದೆಗೆ ಒತ್ತಿಕೊಂಡಳು.

"ಫೆಬ್ರವರಿಗೆ ಮತ್ತೆ ಎಣಿಸ್ಬೇಕು. ಗಡಿಯಾರ ನೋಡೋರು ಬೇಕು."

"ಬರ್ತೀನಿ. ಬಾಯಿ ಬಿಡಲ್ಲ."

"ಮಾತಾಡಿ..." ಅವಳು ಮೆಲ್ಲಗೆ ಹೇಳಿದಳು. "ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೋಗುವಾಗ."

ಆ ವರ್ಷ ಹೋದದ್ದು ಇಷ್ಟು: ಮಳೆಗೆ ಬಿಟ್ಟ ಇಪ್ಪತ್ತು ಗಿಡ, ಪುಣೆಯ ಒಂದು ಸೀಟು, ಮತ್ತು ಏಪ್ರಿಲ್ ಮೂರರ ಹದಿನೈದು ನಿಮಿಷ.