ನೀಲಗಂಗವ್ವನ ಅಕ್ಷರಸರ

ನೀಲಗಂಗವ್ವನ ಕೊರಳಿಗೆ ಕಟ್ಟಿದ ಪಟ್ಟಿಯ ಹಸಿರು ದೀಪ ಹತ್ತಿತು. ಎದುರಿನ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದು ಪೋಣಿಸಿಕೊಂಡವು. ಮರುಕ್ಷಣ ಪಟ್ಟಿ ಮಾತಾಡಿತು: "ಚಂದ್ರಿ, ನಿನ್ನ ಸೆರಗ ಚಹಾದಾಗ ಬಿದ್ದೈತಿ, ನೋಡ."

ಚಂದ್ರವ್ವ ಸೆರಗು ನೋಡಿಕೊಳ್ಳಲಿಲ್ಲ. ಲಕ್ವಾ ಹೊಡೆದು ಅರ್ಧ ಮೈ ಬಿದ್ದಂದಿನಿಂದ ಅಕ್ಕ ನೀಲಗಂಗವ್ವನ ಬಾಯಿಂದ ಒಂದು ಪದ ಹೊರಟಿರಲಿಲ್ಲ. ಈಗ ಅದೇ ಧ್ವನಿ, ಅದೇ ಗತ್ತು!

"ಅಯ್ಯ ನನ್ನವ್ವ, ಮಾತು ಬಂದ ಕೂಡ್ಲೆ ಬೈಯಾಕ ಸುರು ಮಾಡಿದ್ಯಾ!" ಎಂದು ಚಂದ್ರವ್ವ ನಗುತ್ತ ಅತ್ತಳು.

ಅದು 2064ನೆಯ ಇಸವಿ, ವಿಜಯಪುರದ ಒಂದು ಪ್ರಯೋಗಾಲಯ. ಪಟ್ಟಿಯನ್ನು ಕಂಡುಹಿಡಿದ ಶಾಲ್ಮಲಾ ಬಾಳಿಕಾಯಿ ಕುಣಿಯುವುದೊಂದು ಬಾಕಿ ಇತ್ತು. ಅವಳ ಜೊತೆಗಾರ ಎಂಜಿನಿಯರ್ ದಾವಲ್ ಮುಲ್ಲಾ ಆಗಲೇ ಮೇಜು ಬಡಿಯುತ್ತಿದ್ದ.

ಮಾತಾಡಲು ಮನಸ್ಸು ಮಾಡಿದಾಗ ಮಿದುಳಿನಿಂದ ಕೊರಳ ನರಗಳಿಗೆ ಸಣ್ಣ ಮಿಂಚುಗಳು ಹರಿಯುತ್ತವೆ. ಪಟ್ಟಿ ಅವನ್ನು ಓದಿ, ಅಕ್ಷರ ಮಾಡಿ, ಸರದಂತೆ ಪೋಣಿಸುತ್ತಿತ್ತು. ಕಂಪ್ಯೂಟರಿನವರು ಈ ಸರವನ್ನು ಸ್ಟ್ರಿಂಗ್ ಎನ್ನುತ್ತಾರೆ. ಶಾಲ್ಮಲಾ ಬಳಸಿದ ಭಾಷೆಯಲ್ಲಿ ಪ್ರತಿ ಸ್ಟ್ರಿಂಗೂ ಒಂದು ಆಬ್ಜೆಕ್ಟ್. ಅಂದರೆ ಒಡಲಲ್ಲಿ ಅಕ್ಷರಗಳನ್ನು ಇಟ್ಟುಕೊಂಡು, ತನ್ನ ಕೆಲಸವನ್ನೂ ತಾನೇ ಬಲ್ಲ ಒಂದು ಘಟಕ. ನಿನ್ನ ಉದ್ದ ಎಷ್ಟು ಎಂದರೆ ಹೇಳುತ್ತದೆ, ಇನ್ನೊಂದರ ಜೊತೆ ಕೂಡು ಎಂದರೆ ಕೂಡುತ್ತದೆ. ಆದರೆ ಒಮ್ಮೆ ಪೋಣಿಸಿದ ಸರವನ್ನು ತಿದ್ದುವಂತಿಲ್ಲ. ಒಂದಕ್ಷರ ಸೇರಿಸಬೇಕಾದರೂ ಹೊಸ ಸರವೇ ಹುಟ್ಟಬೇಕು. ಹಳೆಯದು ಯಾರಿಗೂ ಬೇಡವಾಗುವವರೆಗೆ ಇದ್ದಂತೆಯೇ ಇರುತ್ತದೆ.

ಆಡಿದ ಮಾತಿನ ಸ್ವಭಾವವೇ ಅದು. ದೇವರ ಮುಂದೆ ಆಡಿದ್ದಂತೂ ಹಾಗೆಯೇ. ನೀಲಗಂಗವ್ವ ದೇವರ ಮುಂದೆ ಆಡಿ, ಅರ್ಧಕ್ಕೆ ಬಿಟ್ಟದ್ದೊಂದಿತ್ತು. ಅವರ ಊರಿನ ಹೊಳಿಯವ್ವನ ಗುಡಿಯಲ್ಲಿ ವರ್ಷಕ್ಕೊಮ್ಮೆ ತಾಯಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಹರಕೆ ಅವಳದು. ಹೋದ ಸಲ ಕತೆಯಲ್ಲಿ ತಾಯಿ ದೋಣಿ ಹತ್ತಿದ್ದಳು, ಅಷ್ಟರಲ್ಲಿ ನೀಲಗಂಗವ್ವ ಕುಸಿದಳು. ಉಳಿದದ್ದು ಬೇರೆ ಯಾರಿಗೂ ಬರುತ್ತಿರಲಿಲ್ಲ.

"ನನ್ನ ಅವ್ವ ನಡು ಹೊಳ್ಯಾಗ ನಿಂತಾಳ್ರೀ," ಎಂದಿತು ಪಟ್ಟಿ. "ಆಕೀನ ದಂಡೀಗೆ ಮುಟ್ಟಸೂತನಕಾ ನನಗ ಸಾಯಾಕೂ ಆಗೂದಿಲ್ಲ, ಬದಕಾಕೂ ಆಗೂದಿಲ್ಲ."

ಮರುದಿನವೇ ಅಲ್ಲೇ, ನಿಂತಲ್ಲಿಂದ ಕತೆ ಶುರುವಾಯಿತು. ಹೊರಗಿನ ಮಾತು ಕಿವಿಗೆ ಬಿದ್ದು ಸರದಲ್ಲಿ ಬೆರೆತೀತೆಂದು ಶಾಲ್ಮಲಾ ಎಲ್ಲರಿಗೂ ಮೌನ ವಿಧಿಸಿದ್ದಳು. ಚಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಳು.

"ಅಂಬಿಗ ದೋಣಿ ನೀರಿಗೆ ಬಿಟ್ಟ," ಎಂದಿತು ಪಟ್ಟಿ. ಹಸಿರು ದೀಪ ಆರಿತು.

ಕಾದರು. ಬಹಳ ಹೊತ್ತಿನ ಮೇಲೆ ಇನ್ನೊಂದು ವಾಕ್ಯ. ಮತ್ತೆ ಕತ್ತಲು.

"ಪ್ರತಿ ಮಾತಿಗೂ ಕತಿ ಪೂರಾ ನಕಲಾಗಿ ಹೊಸಾ ಸ್ಟ್ರಿಂಗ್ ಹುಟ್ಟಾಕತ್ತೈತ್ರೀ ಮೇಡಂ," ಎಂದು ದಾವಲ್ ಪಿಸುಗುಟ್ಟಿದ. "ಅದಕ್ಕ ದಮ್ ಹತ್ತೈತಿ." ಅಕ್ಷರಗಳೆಲ್ಲ ಮೊದಲು ಒಂದು ಬುಟ್ಟಿಯಲ್ಲಿ ಕೂಡಿ, ಕೊನೆಗೆ ಒಂದೇ ಸಲ ಸರವಾಗುವಂತೆ ಅವನು ಪ್ರೋಗ್ರಾಮ್ ಬದಲಿಸಿದ. ಯಂತ್ರ ಚುರುಕಾಯಿತು. ಕತೆ ಮಾತ್ರ ಆಗಲಿಲ್ಲ. ನೀಲಗಂಗವ್ವನ ಹಣೆಯಲ್ಲಿ ಬೆವರು. ಇನ್ನೂ ದಣಿಸಿದರೆ ಅಪಾಯವೆಂದು ಶಾಲ್ಮಲಾ ಪಟ್ಟಿ ಬಿಚ್ಚಲು ಕೈಚಾಚಿದಳು.

ಆಗ ದೀಪ ಹತ್ತಿತು. "ಅಂಬಿಗ ಹುಟ್ಟು ಮ್ಯಾಲೆತ್ತಿದ. ಒಣಾ ಹುಟ್ಟಿನ ತುದೀಗೆ ಚಿಗುರ ಒಡದಿತ್ತು."

"ಹೂಂ!" ಎಂದಳು ಶಾಲ್ಮಲಾ.

ತಾನು ಹಾಕಿದ ಮೌನವನ್ನು ತಾನೇ ಮುರಿದಿದ್ದಳು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಪಟ್ಟಿ ಹೊಳೆಯಂತೆ ಹರಿಯಿತು: "ಚಿಗುರಿನಾಗ ಒಂದ ಎಲಿ. ಎಲಿ ಮ್ಯಾಲ ಒಂದ ಹನಿ. ಹನಿಯೊಳಗ ಒಂದ ಊರ ಕಾಣಸ್ತಿತ್ತು."

"ಹೂಂ!" ಚಂದ್ರವ್ವ ಬಾಯಿಂದ ಸೆರಗು ಸರಕ್ಕನೆ ತೆಗೆದಳು. "ಹೂಂ ಅನ್ನಾಕ ಅಂತನಽ ನಾ ಬಂದೀನಿ. ನೀವು ನೋಡಿದ್ರ ಬಾಯಿ ಹೊಲದು ಕುಂಡ್ರಿಸಿದ್ರಿ!"

ಶಾಲ್ಮಲಾಳಿಗೆ ಆಗ ಹೊಳೆಯಿತು. ಆಬ್ಜೆಕ್ಟುಗಳ ಲೋಕದಲ್ಲಿ ಯಾವುದೂ ತಾನಾಗಿ ಅಲುಗದು, ಇನ್ನೊಂದು ಕರೆದರೆ ಓಗೊಡುತ್ತದೆ. ಕತೆಯನ್ನು ಅವಳು ಒಂದೇ ಆಬ್ಜೆಕ್ಟ್ ಎಂದು ತಿಳಿದು ರಚಿಸಿದ್ದಳು. ಅಲ್ಲಿ ಇಬ್ಬರಿದ್ದರು: ಹೇಳುವವರು, ಹೂಂ ಎನ್ನುವವರು.

"ಹೂಂ ಅನ್ನೂ ಆಬ್ಜೆಕ್ಟ್ ಒಂದು ನಾನಽ ಬರಿತೀನ್ರೀ," ಎಂದ ದಾವಲ್. ಬರೆದೂ ಬಿಟ್ಟ. ಸ್ಪೀಕರು ಪ್ರತಿ ವಾಕ್ಯಕ್ಕೂ ಮುದ್ದಾಗಿ ಹೂಂ ಎನ್ನತೊಡಗಿತು. ಸ್ವಲ್ಪದರಲ್ಲೇ ನೀಲಗಂಗವ್ವ ಕಣ್ಣು ತೆರೆದಳು.

"ಯಾರದು? ಅಳೂ ಮಾತಿಗೂ ಹೂಂ, ನಗೂ ಮಾತಿಗೂ ಹೂಂ. ಥೇಟ್ ನನ್ನ ಅಳಿಯ!"

ದಾವಲ್ ನಗುತ್ತ ಅದನ್ನು ನಿಲ್ಲಿಸಿ, ತಾನೇ ಬಂದು ಕುಳಿತ. ಮುಂದೆ ಆ ಪಟ್ಟಿ ಊರೂರಿನ ಆಸ್ಪತ್ರೆಗಳಿಗೆ ಹೋದಾಗ, ಪ್ರತಿ ಹಾಸಿಗೆಯ ಬದಿಗೆ ಒಂದು ಕುರ್ಚಿ ಹಾಕುವುದೂ ಚಿಕಿತ್ಸೆಯೇ ಆಯಿತು. ಗಂಡಂದಿರು, ಸೊಸೆಯಂದಿರು, ಪಕ್ಕದ ಹಾಸಿಗೆಯವರ ನೆಂಟರು ಕೂಡ ಅಲ್ಲಿ ಕುಳಿತು ಕೇಳುವುದನ್ನು ಕಲಿತರು.

ಅಂದು ಮೂವರೂ ಹೂಂಗುಟ್ಟಿದರು. ಹೊತ್ತು ಇಳಿಯುವಾಗ ಅಂಬಿಗ ದೋಣಿಯನ್ನು ದಂಡೆಗೆ ಹಚ್ಚಿದ. ಹೊಳಿಯವ್ವ ಒದ್ದೆ ಕಾಲಲ್ಲಿ ಇಳಿದು ಊರೊಳಗೆ ನಡೆದಳು. ಚಂದ್ರವ್ವ ಕೈಮುಗಿದಳು. ನೀಲಗಂಗವ್ವನ ಮುಖದ ಲಕ್ವಾ ಹೊಡೆಯದ ಅರ್ಧ ನಕ್ಕಿತು.

ಪಟ್ಟಿ ಬಿಚ್ಚಲು ಬಾಗಿದ ಶಾಲ್ಮಲಾಳ ಕೈಯನ್ನು ಮುದುಕಿ ಹಿಡಿದುಕೊಂಡಳು.

"ನಂದು ಮುಗೀತು ತಂಗಿ. ಈಗ ನೀ ಒಂದು ಹೇಳು. ನಾ ಹೂಂ ಅಂತೀನಿ."

ಶಾಲ್ಮಲಾ ನಕ್ಕು ಬಾಯಿ ತೆರೆದಳು. ಯಾವ ಕತೆ? ಅವಳು ಮನಸ್ಸಿನಲ್ಲೇ ತನ್ನ ಬಾಲ್ಯಕ್ಕೆ ಹೋದಳು. ಅಂದರೆ ನಾವು ನೀವು ಇದನ್ನು ಓದುತ್ತಿರುವ ಈ ದಿನಗಳಿಗೆ, ಈ ಮನೆಗಳಿಗೆ. ದೀಪ ಹಾಕಿದ ಕೋಣೆಗಳಿದ್ದವು, ಕೈಯಲ್ಲಿ ಪರದೆ ಹಿಡಿದ ದೊಡ್ಡವರಿದ್ದರು. ಒಂದು ಕತೆ ಹೇಳಿಯಾರೇ ಎಂದು ಒಬ್ಬೊಬ್ಬರ ಮುಂದೆಯೂ ನಿಂತು ಅವಳು ಕಾದಳು. ಯಾರೂ ಪರದೆಯಿಂದ ತಲೆ ಎತ್ತಲಿಲ್ಲ.

"ಹೂಂ?" ಎಂದಳು ನೀಲಗಂಗವ್ವ.